ಒಂದು ನಾಣ್ಯದ ಮೆಣಸಿನಕಾಯಿ

ನನ್ನ ಮೇಜಿನ ಮೇಲೆ ಒಂದು ಮರದ ಲಾಳಿ ಇದೆ. ಅಜ್ಜಿಯದು. ಮಗ್ಗದಲ್ಲಿ ಅತ್ತಿಂದಿತ್ತ ಓಡಬೇಕಾದ ಲಾಳಿ ಈಗ ನನ್ನ ಫೋನಿಗೆ ಒರಗುದಿಂಬು. ಬೆಳಗಿನ ಹತ್ತೂವರೆಗೆ ಟೀ ಬರುತ್ತದೆ. ಆಗ ಫೋನನ್ನು ಅದಕ್ಕೆ ಒರಗಿಸಿಟ್ಟು ನಾನು ಗೋಧಿ ಕೊಯ್ಯುತ್ತೇನೆ. ನಗಬೇಡಿ. ತಿರುಪ್ಪೂರಿನ ಬನಿಯನ್ ಬಟ್ಟೆಗೆ ಹೂವು ಹಾಕುವ ಕಸೂತಿ ಕಾರ್ಖಾನೆಯಲ್ಲಿ ಕೂತು, ಐವತ್ತೆರಡರ ವಯಸ್ಸಿನಲ್ಲಿ, ಗಾಜಿನ ಮೇಲೆ ಬೆರಳೆಳೆದು ಗೋಧಿ ಕೊಯ್ಯುವವನು ನಾನೊಬ್ಬನೇ ಅಲ್ಲ. ಯಾವುದಾದರೂ ಟೌನ್ ಬಸ್ಸು ಹತ್ತಿ ಪಕ್ಕದವರ ಫೋನಿಗೆ ಇಣುಕಿ ನೋಡಿ. ಅರ್ಧ ಬಸ್ಸು ಬೇಸಾಯದಲ್ಲಿರುತ್ತದೆ, ಉಳಿದರ್ಧ ಯುದ್ಧದಲ್ಲಿರುತ್ತದೆ.

ಆಟಗಳ ಬಗ್ಗೆ ನನಗೆ ಅಭಿಪ್ರಾಯಗಳಿವೆ. ಕೇಳುವವರಿಲ್ಲ ಅಷ್ಟೇ. ನಮ್ಮ ಕಾರ್ಖಾನೆಯ ಯುವಕರು ಊಟದ ಹೊತ್ತಿನಲ್ಲಿ ಬಂದೂಕಿನ ಆಟ ಆಡುತ್ತಾರೆ. ಆಟದೊಳಗಿನ ಸಿಪಾಯಿಗೆ ಬಣ್ಣದ ಅಂಗಿ ತೊಡಿಸಲು ನಿಜವಾದ ದುಡ್ಡು ಕೊಡುತ್ತಾರೆ. ಜಗತ್ತಿಗೆಲ್ಲ ಅಂಗಿ ಹೊಲಿದು ಕಳಿಸುವ ಊರಿನಲ್ಲಿ ಕೂತು, ಇಲ್ಲದ ಅಂಗಿಗೆ ಸಂಬಳ ಸುರಿಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಇನ್ನು ಕೆಲವರು ಬೆಳೆದು ನಿಂತ ಆಟವನ್ನೇ, ಹೆಸರು ಪಾಸ್‌ವರ್ಡ್ ಸಮೇತ, ಬೇರೆಯವರಿಗೆ ಮಾರುತ್ತಾರೆ. ಕೊಂಡವನು ಅದೇ ಹೆಸರಿನಲ್ಲಿ, ಅದೇ ಮುಖ ಹೊತ್ತು ಓಡಾಡುತ್ತಾನೆ. ಹಳೆಯ ಸ್ನೇಹಿತರು ಅವನಿಗೆ ‘ಏನಪ್ಪಾ, ಬಹಳ ದಿನ ಆಯಿತು’ ಎನ್ನುತ್ತಾರೆ. ಒಳಗಿರುವವನು ಬೇರೆ ಎಂದು ಅವರಿಗೆ ತಿಳಿಯುವುದೇ ಇಲ್ಲ.

ಆದರೂ ಬಂದೂಕಿನ ಆಟದ ಭಯ ನನಗಿಲ್ಲ. ಅಲ್ಲಿ ಸತ್ತವರು ‘ಸತ್ತೆ, ಸತ್ತೆ’ ಎಂದು ಕೂಗಿ ಹೇಳುತ್ತಾರೆ. ನನಗೆ ಭಯವಿರುವುದು ತೋಟದ ಆಟದ್ದು. ಅಲ್ಲಿ ಪೈರು ಒಣಗುವುದಿಲ್ಲ. ಹಸು ಸಾಯುವುದಿಲ್ಲ. ನೀವು ಆರು ತಿಂಗಳು ಬಿಟ್ಟು ಹೋದರೂ ಗೋಧಿ ಮಾಗಿ ನಿಂತು, ಗಾಳಿಯಿಲ್ಲದೆಯೂ ತಲೆ ಆಡಿಸುತ್ತ ನಿಮ್ಮನ್ನೇ ಕಾಯುತ್ತಿರುತ್ತದೆ. ಚಿಕ್ಕಂದಿನಲ್ಲಿ ನಾವು ಗೋಲಿ ಆಡಿದರೆ ಕತ್ತಲಾದಾಗ ಮುಗಿಯುತ್ತಿತ್ತು, ಅಳಗುಳಿಮಣೆ ಆಡಿದರೆ ಅಕ್ಕ ಮೋಸ ಮಾಡಿ ಸಿಕ್ಕಿಬಿದ್ದಾಗ ಮುಗಿಯುತ್ತಿತ್ತು. ಮುಗಿಯದ ಆಟ ನಮಗೆ ಗೊತ್ತಿರಲಿಲ್ಲ.

ನಾನು ನೋಡಿದ ಮೊದಲ ವಿಡಿಯೋ ಗೇಮು ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿತ್ತು. ನಮ್ಮ ಸೋದರಮಾವ ಅಲ್ಲಿ ಪಂಪು ಮಾಡುವ ವರ್ಕ್‌ಶಾಪಿನಲ್ಲಿದ್ದರು. ರಜೆಗೆ ಹೋದ ನನ್ನ, ಅಕ್ಕನ ಕೈಗೂ ಒಂದೊಂದು ರೂಪಾಯಿ ಕೊಟ್ಟು, ಬೀದಿಯ ಕೊನೆಗಿದ್ದ ಆಟದ ಅಂಗಡಿಗೆ ಕಳಿಸಿದರು. ಹೊರಗೆ ಲೇತ್ ಯಂತ್ರಗಳ ಕಿರುಚಾಟ, ಉರಿಬಿಸಿಲು. ಒಳಗೆ ಕಪ್ಪು ಪರದೆ, ಸಾಲಾಗಿ ನಿಂತ ಪೆಟ್ಟಿಗೆಗಳು. ಒಂದರಲ್ಲಿ ಕಾರು ಓಡುತ್ತಿತ್ತು, ಎದುರಿಗೆ ಯಾರೂ ಇರಲಿಲ್ಲ. ನಾನು ಹಾರಿ ಕೂತು ಸ್ಟೀರಿಂಗು ಹಿಡಿದೆ. ಏನು ಓಡಿಸಿದೆ ಅಂತೀರಿ! ತಿರುವಿನಲ್ಲಿ ಮೈ ಓರೆ ಮಾಡಿ, ಲಾರಿ ಎದುರಾದಾಗ ಕಣ್ಣುಮುಚ್ಚಿ, ಬೆವರು ಕಿತ್ತು ಬರುವ ತನಕ ಓಡಿಸಿದೆ. ಅಕ್ಕ ಬಂದು ಸುಮ್ಮನೆ ನೋಡಿ, ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು:

“ನೀ ರೂಪಾಯೇ ಹಾಕಿಲ್ಲ ಡಾ. ನೀ ಆಡ್ತಾ ಇಲ್ಲ. ಅದೇ ಆಡ್ತಾ ಇದೆ.”

ಕೈಬಿಟ್ಟೆ. ಕಾರು ಹಾಗೇ ಓಡಿತು. ತಿರುವಿನಲ್ಲಿ ತಾನೇ ತಿರುಗಿತು. ನನಗೆ ಅಳು ಬಂತು. ಸೋತದ್ದಕ್ಕೆ ಅಲ್ಲ. ಕಾಣದ ಯಾರೋ ನನ್ನ ಮಡಿಲಲ್ಲೇ ಕೂತು ಓಡಿಸುತ್ತಿದ್ದಾರೆ ಅನ್ನಿಸಿ ಅತ್ತೆ. ಅಕ್ಕ ತನ್ನ ರೂಪಾಯಿಯಲ್ಲಿ ನನಗೆ ಕಡಲೆಮಿಠಾಯಿ ಕೊಡಿಸಿ ಸಮಾಧಾನ ಮಾಡಿದಳು.

ಈ ಅಕ್ಕನ ಮಾತೇ ನಾನು ಹೇಳಬೇಕಾದದ್ದು. ಇಲ್ಲಿಯ ತನಕ ಸುಮ್ಮನೆ ಸುತ್ತು ಹಾಕಿದೆ.

ನಾವು ನೇಯುವ ಜನ. ಯಾವ ಕಾಲದಲ್ಲೋ ಬಂದು ಈ ಕಡೆ ನೆಲೆಯಾದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು; ‘ಕಣೋ’ ಅನ್ನುವ ಕಡೆ ‘ಡಾ’ ನುಸುಳುತ್ತದೆ. ಕನ್ನಡ ಅಕ್ಷರ ನಾನು ಕಲಿತದ್ದು ನಲವತ್ತು ದಾಟಿದ ಮೇಲೆ, ನಮ್ಮ ಕಾರ್ಖಾನೆಗೆ ಬಂದ ದಾವಣಗೆರೆಯವರೊಬ್ಬರಿಂದ. ಬರಹದಲ್ಲಿ ತಪ್ಪಿದ್ದರೆ ಅವರನ್ನು ಬೈಯಿರಿ. ಅಕ್ಕ ಕಲಿಯಲಿಲ್ಲ. ಅವಳನ್ನು ತಿರುಪ್ಪೂರಿಗೆ ಹತ್ತಿರದ ಕುನ್ನತ್ತೂರಿನ ಕಡೆ ಕೊಟ್ಟಿದ್ದರು. ಅಲ್ಲಿ ಒಂದು ಹಜಾರದಲ್ಲಿ ಎರಡು ಗುಂಡಿಮಗ್ಗ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುವಂಥವು. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಭಾವ. ಭಾವ ಮಾತಿಲ್ಲದ ಮನುಷ್ಯ. ಮೂವತ್ತು ವರ್ಷದಲ್ಲಿ ನನ್ನೊಡನೆ ಅವರು ಆಡಿದ್ದು ‘ಬಾ ಮಾಪ್ಳೆ’ ಮತ್ತು ‘ಹೊರಟ್ಯಾ ಮಾಪ್ಳೆ’ ಎಂಬ ಎರಡೇ ಮಾತು. ಹೆಂಡತಿಯ ತಮ್ಮನನ್ನು ನಮ್ಮಲ್ಲಿ ಹೀಗೆ ತಮಿಳಿನಲ್ಲೇ ಕರೆಯುವುದು.

ಅಕ್ಕನಿಗೆ ಮೊಣಕಾಲು ಹಿಡಿದು ಮಗ್ಗದಿಂದ ಆಗಾಗ ಎದ್ದು ಕೂರಬೇಕಾದಾಗ, ಹೊತ್ತು ಹೋಗಲೆಂದು ಅವಳ ಫೋನಿಗೆ ಈ ತೋಟದ ಆಟ ಹಾಕಿಕೊಟ್ಟವನು ನಾನು. ಪಾಸ್‌ವರ್ಡ್ ಇಟ್ಟವನೂ ನಾನೇ. ತಿಂಗಳೊಳಗೆ ಅವಳ ತೋಟ ನನ್ನದನ್ನು ಮೀರಿಸಿತು. ಅದರ ಬಾಗಿಲಿಗೆ ಒಂದು ಬೋರ್ಡು ಇರುತ್ತದೆ, ಬಂದು ನೋಡುವವರಿಗಾಗಿ ಒಂದು ಮಾತು ಬರೆಯಬಹುದು. ಬೇರೆಯವರು ತಮ್ಮ ಪ್ರತಾಪ ಬರೆದುಕೊಳ್ಳುತ್ತಾರೆ. ಅಕ್ಕ ತಮಿಳು ಅಕ್ಷರದಲ್ಲಿ ಕನ್ನಡ ಬರೆದಳು: ‘ಉಂಡ್ರಾ?’ ಯಾವ ಯಾವ ದೇಶದವರೋ ಆ ತೋಟಕ್ಕೆ ಬಂದು, ಓದಲಾರದೆ, ಊಟದ ವಿಚಾರಣೆ ಮಾಡಿಸಿಕೊಂಡು ಹೋದರು.

ಅಲ್ಲಿ ಒಂದು ಅಂಗಡಿಯೂ ಇತ್ತು. ಬೆಳೆದದ್ದನ್ನು ಬೆಲೆ ಹಾಕಿ ಇಟ್ಟರೆ ಇತರ ಆಟಗಾರರು ಕೊಳ್ಳುತ್ತಾರೆ. ಅಕ್ಕ ಎಲ್ಲದಕ್ಕೂ ಒಂದೇ ನಾಣ್ಯ ಹಾಕುತ್ತಿದ್ದಳು. ಅವಳ ಹತ್ತಿರ ಒಂದಕ್ಕೆ ಕೊಂಡು ಪಕ್ಕದಲ್ಲೇ ಮೂವತ್ತಕ್ಕೆ ಮಾರುವ ದಲ್ಲಾಳಿಗಳು ದಿನಾ ಅವಳ ಅಂಗಡಿ ಗುಡಿಸಿ ಹೋಗುತ್ತಿದ್ದರು. ನಾನು ತಿರುಪ್ಪೂರಿನವನಲ್ಲವೇ, ಮಾರುಕಟ್ಟೆಯ ಪಾಠ ಹೇಳಿದೆ.

“ಅದು ಬೆಳಿಯಕ್ಕೆ ಮೂರು ನಿಮಿಷ. ಮೈ ನೋವಿಲ್ಲ, ಕಣ್ಣು ನೋವಿಲ್ಲ. ಅದಕ್ಕೆ ಮೂವತ್ತು ಕೇಳಿದ್ರೆ ಕೈ ಕೂಸ್ತದೆ ಡಾ,” ಅಂದಳು. ಕೂಸುವುದು ಎಂದರೆ ನಮ್ಮಲ್ಲಿ ನಾಚುವುದು. ನನ್ನ ಪಾಠ ಅಲ್ಲಿಗೆ ಮುಗಿಯಿತು.

ಇನ್ನೊಂದು ಚಾಳಿ ಇತ್ತು. ಸೀರೆ ನೇಯುವಾಗ ಒಳಮಗ್ಗುಲಲ್ಲಿ, ಯಾರಿಗೂ ಕಾಣದ ಕಡೆ, ಬೇರೆ ಬಣ್ಣದ ಒಂದೇ ಒಂದು ಎಳೆ ಸೇರಿಸುತ್ತಿದ್ದಳು. ದೃಷ್ಟಿ ತಾಗಬಾರದಂತೆ. ಆಟದಲ್ಲೂ ಅದೇ. ಸಾಲುಸಾಲು ಗೋಧಿಯ ನಡುವೆ ಒಂದು ಮೆಣಸಿನ ಗಿಡ ಕೆಂಪಗೆ ನಿಂತಿರುತ್ತಿತ್ತು. ದೂರದಿಂದ ನೋಡಿದರೂ ಇದು ಅಕ್ಕನ ತೋಟ ಎಂದು ನಾನು ಹೇಳಬಲ್ಲವನಾಗಿದ್ದೆ.

ಹೋದ ವರ್ಷ ಜ್ವರ ಎಂದು ಮಲಗಿದವಳು ನಾಲ್ಕನೆಯ ದಿನ ಹೋಗಿಬಿಟ್ಟಳು.

ಇಲ್ಲಿ ನಮ್ಮ ಮನೆತನದ ಒಂದು ಕಟ್ಟಳೆ ಹೇಳಬೇಕು. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿದರೆ ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಹಳೆಯ ಎಳೆಗಳ ತುದಿ ಉಳಿಸಿಕೊಂಡು, ಬೆರಳಿಗೆ ಬೂದಿ ಮುಟ್ಟಿಸಿ, ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆಯುತ್ತಾರೆ. ಹಾಗಾಗಿ ಮಗ್ಗ ಬರಿದಾಗುವುದೇ ಇಲ್ಲ. ಆದರೆ ನೇಯುತ್ತಿದ್ದವರು ತೀರಿಕೊಂಡರೆ ಮಾತ್ರ ಹೊಸೆಯಬಾರದು. ಹಾಸು ಕತ್ತರಿಸಬೇಕು, ಅವರ ಲಾಳಿಯನ್ನು ಮಗ್ಗದ ಗುಂಡಿಯೊಳಗಿಟ್ಟು ಹಲಗೆ ಮುಚ್ಚಬೇಕು, ವರ್ಷ ತುಂಬುವ ತನಕ ತೆಗೆಯಬಾರದು. ಯಾಕೆ ಎಂದು ಚಿಕ್ಕಂದಿನಲ್ಲಿ ಅಜ್ಜಿಯನ್ನು ಕೇಳಿದ್ದೆ.

“ಹೊಸೆದ್ರೆ ಅವ್ರೂ ನಿನ್ ಕೂಡ ಕೂತು ನೇಯ್ತಾರೆ, ನನ್ ಕಣ್ಣು,” ಎಂದಿದ್ದಳು ಅಜ್ಜಿ, ಅನ್ನ ಬೆಂದಿದೆ ಎನ್ನುವಷ್ಟು ಸಹಜವಾಗಿ.

ಹನ್ನೊಂದನೆಯ ದಿನ ಉಪ್ಪಿಲ್ಲದ ಅಡುಗೆ ಮಾಡಿ ಅಕ್ಕನಿಗೆ ಎಡೆಯಿಟ್ಟೆವು. ಸತ್ತವರಿಗೆ ನಾವು ಉಪ್ಪು ಹಾಕುವುದಿಲ್ಲ. ಭಾವ ಹಾಸು ಕತ್ತರಿಸಿದರು, ಲಾಳಿಯನ್ನು ಗುಂಡಿಗಿಳಿಸಿದರು. ನಾನು ಬುದ್ಧಿವಂತಿಕೆ ತೋರಿಸಿ, ಅವಳ ಕೈಯಲ್ಲಿ ಇದೂ ಇರುತ್ತಿತ್ತಲ್ಲ ಎಂದು, ಅವಳ ಫೋನನ್ನೂ ಆರಿಸಿ ಲಾಳಿಯ ಪಕ್ಕದಲ್ಲಿಟ್ಟೆ. ಹಲಗೆ ಮುಚ್ಚಿದೆವು. ನಾನೇ ಕಣ್ಣಾರೆ ನೋಡಿದ್ದು ಇದು.

ಆಮೇಲೆ ತಪ್ಪು ಮಾಡಿದವನೂ ನಾನೇ. ಅಲ್ಲಿಂದ ಬಂದ ಮೇಲೆ ಒಂದು ದಿನ ಟೀ ಹೊತ್ತಿನಲ್ಲಿ, ನನ್ನ ಫೋನಿನಲ್ಲಿ, ಅವಳ ಹೆಸರಿನಿಂದ ಅವಳ ತೋಟ ತೆರೆದೆ. ನೋಡಿ ಮುಚ್ಚೋಣ ಎಂದೇ ತೆರೆದದ್ದು. ಗೋಧಿ ಮಾಗಿ ನಿಂತಿತ್ತು. ಒಂದು ಸಲ ಕೊಯ್ದುಬಿಡೋಣ ಅನ್ನಿಸಿತು. ಕೊಯ್ದೆ. ಕೊಯ್ದ ಕೈ ನಿಲ್ಲಲಿಲ್ಲ, ಹೊಸ ಬೀಜ ಬಿತ್ತಿಯೇ ಬಿಟ್ಟಿತು. ಟೀ ಆರಿದ ಮೇಲೆ ತಿಳಿಯಿತು ಏನು ಮಾಡಿದೆ ಎಂದು. ಸತ್ತವಳ ಎಳೆಗೆ ನನ್ನ ಎಳೆ ಹೊಸೆದಿದ್ದೆ.

ಮರುದಿನ ತೆರೆದಾಗ ನಾನು ಬಿತ್ತಿದ್ದು ಕೊಯ್ಲಾಗಿತ್ತು. ಹೊಸ ಗೋಧಿ ಮೊಳೆತಿತ್ತು. ಮೂರನೆಯ ಸಾಲಿನಲ್ಲಿ ಒಂದು ಮೆಣಸಿನ ಗಿಡ ಇತ್ತು.

ಕಾರ್ಖಾನೆಯಲ್ಲಿ ನಮ್ಮದು ಹನ್ನೆರಡು ತಲೆಯ ಕಸೂತಿ ಯಂತ್ರ. ಕಂಪ್ಯೂಟರಿನಲ್ಲಿ ನಾನು ಹೂವು ಬರೆದುಕೊಟ್ಟರೆ, ಯಾರೂ ಮುಟ್ಟದೆ ಹನ್ನೆರಡು ಸೂಜಿಗಳು ಒಟ್ಟಿಗೆ ಅದೇ ಹೂವು ಹೊಲಿಯುತ್ತವೆ. ವರ್ಷಗಟ್ಟಲೆ ಅದರ ಪಕ್ಕ ಕೂತಿದ್ದೇನೆ. ಅವತ್ತು ಮೊದಲ ಸಲ ಅದಕ್ಕೆ ಬೆನ್ನು ಕೊಟ್ಟು ಕೂರಲಾಗದೆ ಕುರ್ಚಿ ತಿರುಗಿಸಿಕೊಂಡೆ.

ಮತ್ತೆರಡು ದಿನ ಕಳೆದು, ನಾನು ಕೊಯ್ಯುತ್ತಿರುವಾಗಲೇ ತೋಟ ಕಪ್ಪಾಯಿತು. ‘ಈ ತೋಟವನ್ನು ಇನ್ನೊಂದು ಫೋನಿನಲ್ಲಿ ತೆರೆಯಲಾಗಿದೆ’ ಎಂದು ಬಂತು. ಇನ್ನೊಂದು ಫೋನು ಯಾವುದೆಂದು ನನಗೆ ಗೊತ್ತಿತ್ತು. ಅದು ಆರಿ, ಲಾಳಿಯ ಪಕ್ಕ, ಹಲಗೆಯ ಕೆಳಗೆ ಮಲಗಿತ್ತು. ಹೊರಗೆ ಹಾಡುಹಗಲು. ಟೆಂಪೋದವನು ಬಟ್ಟೆಯ ಮೂಟೆ ಇಳಿಸುತ್ತ ಯಾರನ್ನೋ ಬೈಯುತ್ತಿದ್ದ. ನಾನು ಫೋನನ್ನು ಮೇಜಿನ ಮೇಲೆ ಕವುಚಿಟ್ಟೆ.

ಅರ್ಧ ಗಂಟೆ ಬಿಟ್ಟು ಮತ್ತೆ ತೆರೆದೆ. ಬಾಗಿಲ ಬೋರ್ಡು ಬದಲಾಗಿತ್ತು. ‘ಉಂಡ್ರಾ?’ ಇದ್ದ ಕಡೆ ಅದೇ ತಮಿಳು ಅಕ್ಷರದಲ್ಲಿ, ಅದೇ ನಮ್ಮ ಕನ್ನಡದಲ್ಲಿ, ‘ಉಂಡೆ’ ಎಂದಿತ್ತು.

ಬೇರೆ ಯಾರಾದರೂ ಆಗಿದ್ದರೆ ಫೋನು ಬಿಸಾಡುತ್ತಿದ್ದರು. ನಾನು ಏನು ಮಾಡಿದೆ ಗೊತ್ತೆ? ಅದೇ ಬೋರ್ಡಿನಲ್ಲಿ ‘ಏನ್ ಸಾರು?’ ಎಂದು ಬರೆದೆ. ಹೆದರಿಕೆಯ ಜೊತೆಗೇ ಒಂದು ಸಂತೋಷವೂ ಇತ್ತು, ಸುಳ್ಳು ಯಾಕೆ ಹೇಳಲಿ. ಮರುದಿನ ಉತ್ತರ ಇತ್ತು: ‘ಹುರುಳಿ’. ಅದರ ಮರುದಿನ ನಾನು ಮತ್ತೆ ‘ಉಂಡ್ರಾ?’ ಹಾಕಿದೆ. ‘ಉಂಡೆ. ಬದನೆಕಾಯಿ’ ಎಂದಿತ್ತು. ಹೀಗೆ ಒಂದೂವರೆ ತಿಂಗಳು. ಬೆಳಿಗ್ಗೆ ಹತ್ತೂವರೆಗೆ ನಾನು ಕೇಳುವುದು, ಮಧ್ಯಾಹ್ನದ ಹೊತ್ತಿಗೆ ಉತ್ತರ ಬರುವುದು. ಗೋಧಿಯ ನಡುವೆ ದಿನಾ ಒಂದು ಮೆಣಸಿನ ಗಿಡ, ದಿನಾ ಬೇರೆ ಜಾಗದಲ್ಲಿ. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಂತುಹೋದೀತು ಎಂಬ ಆಸೆಬುರುಕತನ. ಸತ್ತವರಿಗೆ ಹುರುಳಿ ಸಾರು ಸಿಗುತ್ತದೆಯೇ ಎಂದು ಯೋಚಿಸುವಷ್ಟು ಬುದ್ಧಿಯೂ ಉಳಿದಿರಲಿಲ್ಲ.

ಒಂದು ಸೋಮವಾರ ಉತ್ತರ ಹೀಗಿತ್ತು: ‘ಉಪ್ಪಿಲ್ಲ.’

ನಾವು ಇಟ್ಟ ಉಪ್ಪಿಲ್ಲದ ಎಡೆ ಕಣ್ಣಿಗೆ ಕಟ್ಟಿತು. ಅಷ್ಟು ದಿನದ ಸಂತೋಷವೆಲ್ಲ ಒಂದೇ ಸಲ ಇಳಿದುಹೋಯಿತು. ತಲೆನೋವು ಎಂದು ಹೇಳಿ ಕಾರ್ಖಾನೆಯಿಂದ ಎದ್ದವನು ನೇರ ಕುನ್ನತ್ತೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪಕ್ಕದ ಸೀಟಿನ ಹೆಂಗಸು ಫೋನಿನಲ್ಲಿ ಜೋಳ ಕೊಯ್ಯುತ್ತಿದ್ದಳು. ಯಾರ ತೋಟವೋ, ಯಾರ ಹೆಸರೋ ಎಂದು ನಾನು ಅವಳ ಬೆರಳನ್ನೇ ನೋಡುತ್ತ ಕೂತಿದ್ದೆ. ಕೊನೆಗೆ ಅವಳು ಸೀಟು ಬದಲಾಯಿಸಿದಳು.

ಬಾಗಿಲು ತೆರೆದಿತ್ತು. ಹಜಾರದಲ್ಲಿ ಸೂರಿನ ಗಾಜಿನಿಂದ ಬಿಸಿಲಿನ ಚೌಕ ಒಂದು ಬಿದ್ದಿತ್ತು. ಅಕ್ಕನ ಮಗ್ಗದ ಗುಂಡಿಯ ಹಲಗೆ ಒಂದು ಗೇಣು ಸರಿದಿತ್ತು. ಅದರ ಮೇಲೆ ಅವಳ ಫೋನು ಚಾರ್ಜಿಗೆ ಹಾಕಿಟ್ಟಿತ್ತು, ಪರದೆಯಲ್ಲಿ ಗೋಧಿ ಆಡುತ್ತಿತ್ತು. ಅಡುಗೆಮನೆಯಿಂದ ಸೌಟು ಹಿಡಿದು ಭಾವ ಹೊರಗೆ ಬಂದರು. ಸೊರಗಿ ಇಳಿದುಹೋಗಿದ್ದರು. ಅಂಗಿಯ ತೋಳಿಗೆ ಅರಿಸಿನ ಮೆತ್ತಿತ್ತು.

“ಬಾ ಮಾಪ್ಳೆ,” ಅಂದರು. ಆಮೇಲೆ, ಮೂವತ್ತು ವರ್ಷದಲ್ಲಿ ಮೊದಲ ಸಲ, ಇನ್ನೊಂದು ಮಾತು ಸೇರಿಸಿದರು. “ಉಪ್ಪು ಎಷ್ಟು ಹಾಕೋದು? ಒಂದ್ ದಿನ ಜಾಸ್ತಿ, ಒಂದ್ ದಿನ ಕಡ್ಮೆ. ಬ್ಯಾಸ್ರ ಆಗಿ ಇವತ್ತು ಹಾಕ್ಲೇ ಇಲ್ಲ.”

ನಾನು ಹೊಸ್ತಿಲ ಮೇಲೇ ಕೂತೆ. ಬೋರ್ಡು ಬರೆಯುತ್ತಿದ್ದವರು ಭಾವ. ಹಲಗೆ ಮುಚ್ಚಿದ ವಾರದೊಳಗೇ ಫೋನನ್ನು ಹೊರಗೆ ತೆಗೆದಿದ್ದರು.

“ತಪ್ಪೇ. ಒಪ್ತೀನಿ. ಪಕ್ಕದ ಮಗ್ಗದ ಸದ್ದು ಇಲ್ಲ, ಕೇಳೋರಿಲ್ಲ. ಅವ್ಳು ಎಲ್ಲಾರ್ಗೂ ಉಂಡ್ರಾ ಅಂತ ಬರ್ದಿದ್ದಾಳಲ್ಲ, ಅದನ್ನಾದ್ರೂ ನೋಡಾಣ ಅಂತ ತೆಗ್ದೆ. ಬರೇ ನೋಡಿದ್ರೆ ಹೆಂಗೆ, ಅದಕ್ಕೆ ಉಂಡೆ ಅಂತ ಬರ್ದೆ. ಉಣ್ದೆ ಉಂಡೆ ಅಂತ ಬರೆಯಕ್ಕೆ ಮನಸ್ ಬರಲಿಲ್ಲ. ಒಲೆ ಹಚ್ಚಿದೆ.”

“ಅಕ್ಕನೇ ಕೇಳ್ತಾ ಇದ್ದಾಳೆ ಅಂತ ಇದ್ರಾ ಭಾವ?”

“ಸುಮ್ನಿರು. ‘ಏನ್ ಸಾರು’ ಅಂತ ಬಂತಲ್ಲ, ಅವತ್ತೇ ತಿಳೀತು ನೀನೇ ಅಂತ. ನಿಮ್ಮಕ್ಕ ಯಾವತ್ತು ಏನ್ ಸಾರು ಅಂತ ಕೇಳಿದ್ದಾಳೆ? ಮಾಡಿದವಳೇ ಅವಳಲ್ಲ?”

“ಮತ್ತೆ ಹೇಳ್ಬಾರ್ದಾಗಿತ್ತಾ?”

“ಹೇಳಿದ್ರೆ ನೀ ಕೇಳೋದ್ ಬಿಟ್ಟುಬಿಡ್ತಿದ್ದೆ,” ಅಂದರು ಭಾವ.

ಅವಮಾನ ಎಂದರೆ ಏನೆಂದು ಅವತ್ತು ತಿಳಿಯಿತು. ಸತ್ತವಳಿಗೆ ಊಟವಾಯಿತೇ ಎಂದು ಒಂದೂವರೆ ತಿಂಗಳು, ಒಂದು ದಿನ ತಪ್ಪದೆ ಕೇಳಿದ್ದೆ. ಬದುಕಿದ್ದ ಭಾವನಿಗೆ ಒಂದೇ ಒಂದು ಫೋನು ಮಾಡಿರಲಿಲ್ಲ. ಅಲ್ಲೇ ಹೊಸ್ತಿಲಲ್ಲಿ ಕೂತು ಅತ್ತೆ. ಭಾವ ಸೌಟು ಹಿಡಿದೇ ನಿಂತಿದ್ದರು.

ಆಮೇಲೆ ಅಡುಗೆಮನೆಗೆ ಹೋಗಿ ನಾನೇ ಉಪ್ಪು ಹಾಕಿದೆ. ಹೆಚ್ಚಾಯಿತು. ಇಬ್ಬರೂ ಉಂಡೆವು. ಕೈತೊಳೆದು ಬಂದು ಹಲಗೆಯ ಪಕ್ಕ ಕೂತಾಗ ನಾನು ನಗುತ್ತಲೇ ಕೇಳಿದೆ:

“ಆದ್ರೂ ಭಾವ, ಮೆಣಸಿನ ಗಿಡ ಇಟ್ಟು ನನ್ನ ಹೆದರಿಸಿಬಿಟ್ರಿ.”

ಭಾವ ನನ್ನ ಮುಖ ನೋಡಿದರು.

“ನಾ ಗೋಧಿ ಒಂದೇ ಹಾಕೋದು. ನಂಗೆ ಬೇರೆ ಏನೂ ಹಾಕಕ್ಕೆ ಬರಲ್ಲ. ಮೆಣಸಿನಕಾಯಿ ನೀ ಅಲ್ವಾ ಇಡ್ತಾ ಇದ್ದಿದ್ದು?”

ಇಬ್ಬರೂ ಫೋನಿನ ಕಡೆ ತಿರುಗಿದೆವು. ಆರನೆಯ ಸಾಲಿನಲ್ಲಿ ಅದು ಕೆಂಪಗೆ ನಿಂತಿತ್ತು. ಬಿಸಿಲಿನ ಚೌಕ ಆ ಹೊತ್ತಿಗೆ ಸರಿದು ಹಲಗೆಯ ಮೇಲೆ ಬಂದಿತ್ತು. ಭಾವನ ಮಗ್ಗವೂ ನಿಂತಿದ್ದರಿಂದ ಮನೆಯಲ್ಲಿ ಒಂದು ಸದ್ದಿಲ್ಲ. ಗುಂಡಿಯೊಳಗಿಂದ ತಣ್ಣನೆಯ ಮಣ್ಣಿನ ವಾಸನೆ ಬರುತ್ತಿತ್ತು.

ಅಂದೇ ನನ್ನ ಫೋನಿನಿಂದ ಅವಳ ಹೆಸರು ತೆಗೆದುಹಾಕಿದೆ, ಭಾವನ ಕಣ್ಣೆದುರಿಗೆ. ಅವಳ ಫೋನನ್ನು ಭಾವ ಆರಿಸಿದರು, ನನ್ನ ಕಣ್ಣೆದುರಿಗೆ. ಮತ್ತೆ ಲಾಳಿಯ ಪಕ್ಕ ಇಟ್ಟು, ಹಲಗೆ ಮುಚ್ಚಿ, ಮೇಲೆ ಎರಡು ನೂಲಿನ ಮೂಟೆ ಹೇರಿದೆವು. ತೋಟವನ್ನೇ ಅಳಿಸಿಬಿಡಬಹುದಾಗಿತ್ತು, ಅದಕ್ಕೂ ಆಟದಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತುವಂತೆ ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ದಿನಾ ಮಧ್ಯಾಹ್ನ ನಾನು ಭಾವನಿಗೆ ಫೋನು ಮಾಡುತ್ತೇನೆ. ಎರಡು ನಿಮಿಷದ ಮಾತು. ಸಾರು ಯಾವುದು, ನೂಲು ಬಂತೇ, ಇಷ್ಟೇ. ಗೋಧಿ ಕೊಯ್ಯುವುದನ್ನು ನಾನು ಬಿಟ್ಟಿಲ್ಲ ಎಂದು ಮೊದಲೇ ಹೇಳಿದೆನಲ್ಲ. ಆದರೆ ಅದು ನನ್ನ ಸ್ವಂತ ತೋಟ.

ಮೊನ್ನೆ ಹತ್ತೂವರೆಗೆ ಟೀ ಬಂತು. ಫೋನನ್ನು ಲಾಳಿಗೆ ಒರಗಿಸಿದೆ. ನನ್ನ ತೋಟದ ಮೂಲೆಯಲ್ಲಿ ಒಂದು ಸೂಚನೆ ಮಿನುಗಿತು: ನಿಮ್ಮ ನೆರೆಯವರು ಅಂಗಡಿಯಲ್ಲಿ ಹೊಸ ಸರಕು ಇಟ್ಟಿದ್ದಾರೆ. ನೆರೆಯವರ ಹೆಸರು ಅಕ್ಕನದು. ಸರಕು ಒಂದು ಮೆಣಸಿನಕಾಯಿ. ಬೆಲೆ ಒಂದು ನಾಣ್ಯ.

ಗಣಪತಿ ಬಡಾವಣೆಯ ಆ ಕಾರಿನ ಪೆಟ್ಟಿಗೆಯ ಮುಂದೆ ಸ್ಟೀರಿಂಗು ಬಿಟ್ಟು ಕೂತಂತೆಯೇ ಕೂತಿದ್ದೆ, ಕೈ ತೊಡೆಯ ಮೇಲಿತ್ತು. ದಲ್ಲಾಳಿಗಳು ಬಂದು ಗುಡಿಸಿಕೊಂಡು ಹೋಗುವುದಕ್ಕೆ ಮುಂಚೆ ನಾನೇ ಅದನ್ನು ಕೊಂಡುಕೊಂಡೆ. ನಂತರ ಮಧ್ಯಾಹ್ನದ ತನಕ ಕಾಯಲಾರದೆ ಭಾವನಿಗೆ ಫೋನು ಮಾಡಿದೆ. ಹಲಗೆಯ ಮೇಲಿನ ಮೂಟೆ ಹಾಗೇ ಇದೆಯೇ ಎಂದು ಕೇಳಲು ಬಾಯಿ ಬರಲಿಲ್ಲ.

“ಉಂಡ್ರಾ ಭಾವ?” ಎಂದಷ್ಟೇ ಕೇಳಿದೆ.

“ಇವತ್ತು ಬೇಗ ಆಯ್ತು ಮಾಪ್ಳೆ, ಈಗ್ತಾನೆ ಉಂಡೆ,” ಅಂದರು. ಆಮೇಲೆ ಯಾರಿಗೋ ಕೇಳಿಸೀತು ಎಂಬಂತೆ ದನಿ ತಗ್ಗಿಸಿದರು. “ಉಪ್ಪು ಸರಿಯಾಗಿ ಬಿತ್ತು. ಹಾಕಿದ ಕೈ ನಂದೇ. ಅಳತೆ ಅವಳ್ದು.”